ಪುರುಷರ ಸಿಂಗಲ್ಸ್‌ಗೆ ಮೊದಲ ಹೆಜ್ಜೆ: ವೈಲ್ಡ್ ಕಾರ್ಡ್ ಕೇಳುವುದೋ, ಅರ್ಹತಾ ಸುತ್ತು ಆಡುವುದೋ?

ಪ್ರಶ್ನೆ: ಕುವೆಂಪುನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗನಿಗೆ ಈಗ 18 ವರ್ಷ. ಒಂಬತ್ತನೆಯ ವಯಸ್ಸಿನಿಂದ ಟೆನಿಸ್ ಆಡುತ್ತಿರುವ ಹುಡುಗ; ಇಲ್ಲಿನ ಮೈಸೂರು ಟೆನಿಸ್ ಕ್ಲಬ್ಬಿನಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಪುರುಷರ ಟೂರ್ನಿ ನಡೆದಾಗ ಒಂದು ಪಂದ್ಯವನ್ನೂ ಬಿಡದೆ ಕುಳಿತು ನೋಡಿದವನು. ಈಗ ತಾನೂ ಅಂಥ ಟೂರ್ನಿಯ ಸಿಂಗಲ್ಸ್ ಆಡಬೇಕೆಂಬ ಹಂಬಲ ಅವನದು. ಕೇಳಿಕೊಂಡರೆ ಪ್ರಧಾನ ಸುತ್ತಿಗೇ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ತಾವಾಗಿ ಕೊಡುವ ನೇರ ಪ್ರವೇಶ, ಸಿಗಬಹುದೆಂದು ಕೆಲವರು ಹೇಳುತ್ತಾರೆ. ಅವನ ಕೋಚ್ ಮಾತ್ರ ಅರ್ಹತಾ ಸುತ್ತನ್ನೇ ಆಡಿಸಿ ಎನ್ನುತ್ತಾರೆ. ಅಣ್ಣ ನನ್ನ ಅಭಿಪ್ರಾಯ ಕೇಳಿದ್ದಾರೆ, ನನಗೆ ತೋಚುತ್ತಿಲ್ಲ.

ಇನ್ನೊಂದು ವಿಷಯವೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಕಳೆದ ವರ್ಷ ಹೊರ ಊರಿನ ಒಂದು ಟೂರ್ನಿಯಲ್ಲಿ ಅವನಿಗೆ ವೈಲ್ಡ್ ಕಾರ್ಡ್ ಸಿಕ್ಕಿತ್ತು. ಮೊದಲ ಪಂದ್ಯವೇ ಎರಡನೇ ಶ್ರೇಯಾಂಕದ ಆಟಗಾರನ ಎದುರು ಬಿದ್ದು, 6–1, 6–0ರಿಂದ ಸೋತ. ವೈಲ್ಡ್ ಕಾರ್ಡ್ ಪಡೆದವರನ್ನು ಬೇಕೆಂದೇ ದೊಡ್ಡ ಆಟಗಾರರ ಎದುರಿಗೆ ಹಾಕುತ್ತಾರೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಬೇಸ್‌ಲೈನ್ ಮಂಡ್ಯ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅನುಮಾನ ಹುಡುಗನ ಮನಸ್ಸಿನಲ್ಲಿ ಉಳಿಯಬಾರದು. ಹಾಗೆ ಬೇಕೆಂದು ಹಾಕಲು ಅವಕಾಶವಿಲ್ಲ. 32 ಮಂದಿಯ ಡ್ರಾದಲ್ಲಿ, ಅಂದರೆ ಯಾರ ಎದುರು ಯಾರು ಎಂಬ ಪಟ್ಟಿಯಲ್ಲಿ, ಬಲಿಷ್ಠರೆಂದು ಗುರುತಿಸಿದ ಎಂಟು ಮಂದಿಗೆ ಶ್ರೇಯಾಂಕ ಇರುತ್ತದೆ. ಒಂದನೇ ಶ್ರೇಯಾಂಕದವನ ಜಾಗ ಡ್ರಾದ ತುತ್ತತುದಿಯ ಮೊದಲ ಸಾಲು, ಎರಡನೆಯವನದು ಕಟ್ಟಕಡೆಯ 32ನೇ ಸಾಲು. ಮೂರು ಮತ್ತು ನಾಲ್ಕನೆಯವರಿಗೆ 9 ಮತ್ತು 24ನೇ ಸಾಲುಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಉಳಿದ ನಾಲ್ವರು 8, 16, 17 ಮತ್ತು 25ನೇ ಸಾಲುಗಳಿಗೆ ಅದೇ ರೀತಿ ಹೋಗುತ್ತಾರೆ. ಬಲಿಷ್ಠರು ಆರಂಭದಲ್ಲೇ ಪರಸ್ಪರ ಎದುರಾಗದಿರಲೆಂದು ಮಾಡಿದ ಏರ್ಪಾಡು ಇದು. ಆಮೇಲೆ ಉಳಿಯುವ 24 ಮಂದಿಯ ಜಾಗವೆಲ್ಲ ಚೀಟಿಯಿಂದಲೇ ತೀರ್ಮಾನವಾಗುತ್ತದೆ.

ಈ 24ರಲ್ಲಿ ಎಂಟು ಮಂದಿ ಮೊದಲ ಸುತ್ತಿನಲ್ಲೇ ಶ್ರೇಯಾಂಕಿತರ ಎದುರು ಬೀಳಲೇಬೇಕು. ಅಂದರೆ ಶ್ರೇಯಾಂಕವಿಲ್ಲದ ಪ್ರತಿಯೊಬ್ಬನಿಗೂ ಮೂರರಲ್ಲಿ ಒಂದು ಪಾಲು ಆ ಸಂಭವ ಇದ್ದೇ ಇದೆ. ನಿಮ್ಮ ಹುಡುಗನಿಗೆ ಆ ದಿನ ಆ ಚೀಟಿ ಬಂತು, ಅಷ್ಟೇ. ಅರ್ಹತಾ ಸುತ್ತಿನಿಂದ ಬಂದವರಿಗಾಗಿ ಖಾಲಿ ಬಿಟ್ಟ ಸಾಲುಗಳಿಗೂ ಚೀಟಿಯೇ ಗತಿ; ಅವರೂ ಅಗ್ರ ಶ್ರೇಯಾಂಕಿತನ ಎದುರು ಬೀಳಬಹುದು.

ಉತ್ತರ: ನಜರ್‌ಬಾದ್ ಓದುಗ

ನನ್ನ ಅಭಿಪ್ರಾಯ ಕೋಚ್ ಅವರ ಕಡೆಗೇ ಇದೆ. ವೈಲ್ಡ್ ಕಾರ್ಡ್ ಪಡೆದ ಹುಡುಗ ನೇರವಾಗಿ ಕಠಿಣ ಪಂದ್ಯಕ್ಕೆ ಇಳಿಯುತ್ತಾನೆ. ಅರ್ಹತಾ ಸುತ್ತಿನಿಂದ ಬಂದವನು ಅದೇ ಅಂಗಳದಲ್ಲಿ, ಅದೇ ಬಿಸಿಲಿನಲ್ಲಿ, ಅದೇ ಚೆಂಡಿನಲ್ಲಿ ಆಗಲೇ ಗೆದ್ದು ಬಂದಿರುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ.

2024ರ ಆಸ್ಟ್ರೇಲಿಯನ್ ಓಪನ್ ನೆನಪಿಸಿಕೊಳ್ಳಿ. ಆಗ ವಿಶ್ವ ಕ್ರಮಾಂಕದಲ್ಲಿ 137ನೆಯವರಾಗಿದ್ದ ಸುಮಿತ್ ನಗಾಲ್ ಮೂರು ಅರ್ಹತಾ ಪಂದ್ಯಗಳನ್ನು ಗೆದ್ದು ಪ್ರಧಾನ ಸುತ್ತಿಗೆ ಬಂದು, ಮೊದಲ ಪಂದ್ಯದಲ್ಲೇ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಶ್ರೇಯಾಂಕಿತ ಆಟಗಾರನನ್ನು ಮಣಿಸಿದ್ದು, 1989ರಲ್ಲಿ ಇದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಅವರು ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಅದೇ ಮೊದಲು. ಮರು ತಿಂಗಳೇ ಅವರು ಚೆನ್ನೈನ ಚಾಲೆಂಜರ್ ಪ್ರಶಸ್ತಿ ಗೆದ್ದು ಮೊದಲ ನೂರರೊಳಗೆ ಬಂದರು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ 2025ರ ಶಾಂಘೈ ಮಾಸ್ಟರ್ಸ್ ಇದೆ. ಮೊನಾಕೊದ ವ್ಯಾಲೆಂಟಿನ್ ವಾಶೆರೊ ಆಗ ವಿಶ್ವದ 204ನೇ ಆಟಗಾರ. ಅರ್ಹತಾ ಸುತ್ತಿಗೂ ಅವರಿಗೆ ನೇರ ಪ್ರವೇಶವಿರಲಿಲ್ಲ, ಕಾಯುವ ಪಟ್ಟಿಯಲ್ಲಿದ್ದವರು. ಹಾಗೆ ಬಂದವರು ಸೆಮಿಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಅವರನ್ನೂ ಫೈನಲ್‌ನಲ್ಲಿ ತಮ್ಮ ಸೋದರಸಂಬಂಧಿ ಆರ್ಥರ್ ರಿಂಡರ್‌ನೆಶ್ ಅವರನ್ನೂ ಸೋಲಿಸಿ ಪ್ರಶಸ್ತಿ ಎತ್ತಿದರು. ಆ ಫೈನಲ್ ನೋಡಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಉತ್ತರ: ಸರಸ್ವತೀಪುರಂ ಕನ್ನಡಿಗ

ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಗೊರಾನ್ ಇವಾನಿಸೆವಿಚ್ 2001ರಲ್ಲಿ ವಿಂಬಲ್ಡನ್ ಗೆದ್ದದ್ದು ವೈಲ್ಡ್ ಕಾರ್ಡ್ ಮೂಲಕವೇ. ಆಗ ಅವರ ಕ್ರಮಾಂಕ 125. ಒಂದು ಊರು ಹಣ ಹೂಡಿ, ಅಂಗಳ ಸಿದ್ಧಪಡಿಸಿ, ಹೊರದೇಶದವರನ್ನು ಕರೆಸಿ ಟೂರ್ನಿ ನಡೆಸುವಾಗ ಆ ಊರಿನ ಮಕ್ಕಳಿಗೆ ಒಂದೆರಡು ಜಾಗ ಕೊಡುವುದು ನ್ಯಾಯವೇ ಹೌದು. ಡೇವಿಸ್ ಕಪ್ ಆಡಿದ ಪ್ರಹ್ಲಾದ್ ಶ್ರೀನಾಥ್ ಅವರ ಊರಿದು. ಇಲ್ಲಿಯ ಹುಡುಗನೊಬ್ಬ ಪ್ರಧಾನ ಸುತ್ತಿನಲ್ಲಿ ಆಡುತ್ತಿದ್ದಾನೆಂದರೆ ನೋಡಲು ಬರುವ ಚಿಕ್ಕ ಮಕ್ಕಳ ಕಣ್ಣಿನಲ್ಲಿ ಆಗುವ ಬದಲಾವಣೆಯೂ ಲೆಕ್ಕಕ್ಕೆ ಬರಬೇಕು.

ಉತ್ತರ: ನಜರ್‌ಬಾದ್ ಓದುಗ

ಮಕ್ಕಳ ವಿಷಯದಲ್ಲಿ ತಮ್ಮ ಮಾತು ಸರಿ, ಅದನ್ನು ಗೌರವಿಸುತ್ತೇನೆ. ಆದರೆ ಇವಾನಿಸೆವಿಚ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಅವರು 1992, 1994 ಮತ್ತು 1998ರಲ್ಲಿ ಅದೇ ವಿಂಬಲ್ಡನ್‌ನ ಫೈನಲ್ ಆಡಿ ಸೋತಿದ್ದವರು; ಸಾಧಿಸಿದವನಿಗೆ ಸಿಕ್ಕ ಗೌರವ ಅದು. ಇನ್ನೂ ಏನನ್ನೂ ಗೆಲ್ಲದ 18ರ ಹುಡುಗನಿಗೆ ಬೇಕಾದದ್ದು ಪಂದ್ಯಗಳು. ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಪ್ರಧಾನ ಸುತ್ತಿನವರು ಯಾರಾದರೂ ಹಿಂದೆ ಸರಿದರೆ ಲಕ್ಕಿ ಲೂಸರ್ ಆಗಿ ಕರೆ ಬರಬಹುದು. 2012ರ ಫ್ರೆಂಚ್ ಓಪನ್‌ನಲ್ಲಿ ಹಾಗೆ ಒಳಬಂದ ಡೇವಿಡ್ ಗೊಫಿನ್ ನಾಲ್ಕನೇ ಸುತ್ತಿನವರೆಗೆ ಹೋಗಿ ರೋಜರ್ ಫೆಡರರ್ ಅವರೊಡನೆ ಆಡಿದರು.

ಪ್ರಶ್ನಿಸಿದವರು: ಕುವೆಂಪುನಗರ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಚೀಟಿಯ ವಿಷಯ ಓದಿ ತೋರಿಸಿದೆ. ಹುಡುಗ ಸುಮ್ಮನೆ ತಲೆಯಾಡಿಸಿದ, ಆದರೆ ಮುಖ ತಿಳಿಯಾದದ್ದು ಕಾಣಿಸಿತು. ಒಂದೇ ಸಂದೇಹ ಉಳಿದಿದೆ. ಅರ್ಹತಾ ಪಂದ್ಯ ಗೆದ್ದರೆ ರ‍್ಯಾಂಕಿಂಗ್ ಅಂಕ ಸಿಗುವುದೇ?

ಉತ್ತರ: ಬೇಸ್‌ಲೈನ್ ಮಂಡ್ಯ

ಐಟಿಎಫ್ ಟೂರ್ನಿಗಳ ಅರ್ಹತಾ ಸುತ್ತಿಗೆ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ರ‍್ಯಾಂಕಿಂಗ್ ಅಂಕವಿಲ್ಲ. ಪ್ರಧಾನ ಸುತ್ತಿನ ಮೊದಲ ಪಂದ್ಯ ಗೆದ್ದ ಮೇಲಷ್ಟೇ ಒಂದು ಅಂಕ ಸಿಗುತ್ತದೆ. ಸೋತರೆ ಸೊನ್ನೆ, ಅದು ವೈಲ್ಡ್ ಕಾರ್ಡ್ ಪಡೆದವನಿಗೂ ಅನ್ವಯಿಸುತ್ತದೆ. ಐಟಿಎಫ್‌ನ ಕೆಳ ಹಂತದ ಎಂ15 ಟೂರ್ನಿಯ ವಿಜೇತನಿಗೆ 15 ಅಂಕ, ಅದರ ಮೇಲಿನ ಎಂ25 ಟೂರ್ನಿಯ ವಿಜೇತನಿಗೆ 25. ಗ್ರ್ಯಾನ್‌ಸ್ಲಾಮ್ ಗೆದ್ದವನಿಗೆ 2000 ಅಂಕ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ದಾರಿ ಎಷ್ಟು ಉದ್ದವೆಂದು ತಿಳಿಯುತ್ತದೆ. ಗಳಿಸಿದ ಅಂಕವೂ 52 ವಾರ ಮಾತ್ರ ಲೆಕ್ಕದಲ್ಲಿರುತ್ತದೆ.

ಅರ್ಹತಾ ಸುತ್ತು ಆಡಿಸುವುದೇ ಆದರೆ ಒಂದು ಸಂಗತಿಯನ್ನು ಕೋಚ್ ಅವರೊಂದಿಗೆ ಮಾತನಾಡಿ. ಅಲ್ಲಿ ಸೆಟ್‌ಗಳು 1–1 ಆದರೆ ಮೂರನೇ ಸೆಟ್ ಇರುವುದಿಲ್ಲ, 10 ಅಂಕಗಳ ಟೈಬ್ರೇಕರ್ ಇರುತ್ತದೆ. ನಿಧಾನವಾಗಿ ಲಯಕ್ಕೆ ಬರುವ ಆಟಗಾರರು ಅಲ್ಲಿಯೇ ಎಡವುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಪ್ರತಿ ಸಂಜೆಯ ಅಭ್ಯಾಸದ ಕೊನೆಗೆ, ದೇಹ ದಣಿದಿರುವಾಗಲೇ, ಅಂಥ ಎರಡು ಟೈಬ್ರೇಕರ್ ಆಡಿಸಿ. ಐಟಿಎಫ್‌ನ ಐಪಿನ್ (ಆಟಗಾರನ ಗುರುತಿನ ಸಂಖ್ಯೆ) ನೋಂದಣಿ ಇಲ್ಲದೆ ಪ್ರವೇಶವೇ ಸಿಗುವುದಿಲ್ಲವಾದ್ದರಿಂದ, ಅವನ ಹೆಸರಿನಲ್ಲಿ ಅದು ಚಾಲ್ತಿಯಲ್ಲಿದೆಯೇ ಎಂದು ಅಣ್ಣನವರಿಗೆ ಇಂದೇ ನೋಡಲು ಹೇಳಿ.