ಸಪೋತೆಕ್ ನೇಕಾರರ ಊರಿಗೆ ಹೋಗಿ ಬಂದವರು ಇದ್ದೀರಾ? ಜಮಖಾನ ತರಬೇಕು

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಮೆಕ್ಸಿಕೋದ ವಹಾಕಾಕ್ಕೆ ಹೋಗುತ್ತಿದ್ದೇವೆ. ಸಪೋತೆಕ್ ಅಂದರೆ ಅಲ್ಲಿನ ಮೂಲನಿವಾಸಿಗಳು; ಅವರ ನೇಕಾರರ ಊರು ಹತ್ತಿರದ ತಿಯೊತಿತ್ಲಾನ್ ದೆಲ್ ವಾಯೆ. ಅಲ್ಲಿಗೆ ಅರ್ಧ ದಿನ ಸಾಕಾ? ಮೋಸ ಹೋಗದೆ ಜಮಖಾನ ಕೊಳ್ಳುವುದು ಹೇಗೆ? ಮೂವರೂ ಸಸ್ಯಾಹಾರಿಗಳು.

ಉತ್ತರ 1
ಟ್ಯಾಕ್ಸಿಯವನ ಮಾತು ಕೇಳಿ ನಾವು ಕೆಟ್ಟೆವು. ಟೂಲೆ ಊರಿನ ದೊಡ್ಡ ಮರ, ಮಿತ್ಲಾದ ಹಳೆಯ ಪಾಳು ಕಟ್ಟಡಗಳು, ಮೆಸ್ಕಾಲ್ ಅನ್ನುವ ಮದ್ಯ, ಜಮಖಾನ ಎಲ್ಲ ಒಂದೇ ದಿನಕ್ಕೆ ತುರುಕಿದ್ದ. ಊರೊಳಗೆ ಹೋಗಲೇ ಇಲ್ಲ. ದಾರಿ ಬದಿಯ ದೊಡ್ಡ ಅಂಗಡಿಯೊಂದರ ಮುಂದೆ ಇಳಿಸಿ, ಇಪ್ಪತ್ತೇ ನಿಮಿಷ ಅಂದ. ಮರುದಿನ ನಾವೇ ಮಿತ್ಲಾ ಕಡೆಯ ಬಸ್ ಹತ್ತಿ ಕ್ರಾಸ್‌ನಲ್ಲಿ ಇಳಿದೆವು. ಅಲ್ಲಿಂದ ಮೊತೊತಾಕ್ಸಿ, ಅಂದರೆ ನಮ್ಮ ಆಟೋನೇ. ನಮಗೆ ಸಿಕ್ಕಿದ್ದು ಬಜಾಜ್! ಈ ಊರಿಗೇ ಇಡೀ ದಿನ ಇಟ್ಟುಕೊಳ್ಳಿ. ಚರ್ಚಿನ ಗೋಡೆಯಲ್ಲಿ ಹಳೆಯ ಸಪೋತೆಕ್ ಕೆತ್ತನೆಯ ಕಲ್ಲುಗಳಿವೆ, ನೋಡಿ.

ಉತ್ತರ 2
ನಮ್ಮೂರು ನವಲಗುಂದ, ಅದೂ ಜಮಖಾನದ ಊರೇ. ಮಗ್ಗ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ನಮ್ಮದು ಹತ್ತಿ, ಅವರದು ಉಣ್ಣೆ. ಕಂಬಳಿಯದೇ ವಾಸನೆ. ನಿಂತುಕೊಂಡು ಕಾಲಲ್ಲಿ ತುಳಿಯುತ್ತ ನೇಯುತ್ತಾರೆ. ಆ ಮಗ್ಗವನ್ನೂ ಕುರಿಯನ್ನೂ 16ನೇ ಶತಮಾನದಲ್ಲಿ ತಂದವರು ಸ್ಪೇನಿನವರು. ಅದಕ್ಕೂ ಮುಂಚೆ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಹತ್ತಿ ನೇಯುತ್ತಿದ್ದರು. ಜಮಖಾನದ ಮೇಲಿನ ಮೆಟ್ಟಿಲು ಮೆಟ್ಟಿಲಾದ ಚಿತ್ತಾರ ಮಿತ್ಲಾದ ಕಲ್ಲುಗೋಡೆಗಳದ್ದು. ಹಾಗಾಗಿ ಮೊದಲು ಮಿತ್ಲಾ ನೋಡಿ ಬಂದರೆ ಚೆನ್ನ.

ಕೆಂಪು ಬಣ್ಣ ಪಾಪಾಸುಕಳ್ಳಿಯ ಮೇಲಿನ ಕೊಚಿನಿಲ್ಯಾ ಹುಳದ್ದು. ಒಣಗಿದ ಹುಳವನ್ನು ಅಂಗೈಯಲ್ಲಿ ಉಜ್ಜಿದರೆ ಕಡುಗೆಂಪು. ನಿಂಬೆಹುಳಿ ಬಿದ್ದರೆ ಕಿತ್ತಳೆ, ಅಡುಗೆ ಸೋಡಾ ಹಾಕಿದರೆ ನೇರಳೆ. ನೋಡಿ ಬಾಯಿ ಬಿಡುವುದು ಸಹಜ, ನಾನೂ ಬಿಟ್ಟೆ. ಆದರೆ ಅಂಗೈಯಲ್ಲಿ ತೋರಿಸಿದ ಬಣ್ಣವೇ ಗೋಡೆಗೆ ತೂಗುಹಾಕಿದ ಎಲ್ಲ ಜಮಖಾನದಲ್ಲೂ ಇರುತ್ತದೆ ಅಂತಲ್ಲ. ಪ್ಯಾಕೆಟ್ ಬಣ್ಣದ್ದೂ ಮಾರುತ್ತಾರೆ. ನೀವು ಆರಿಸಿದ್ದನ್ನೇ ತೋರಿಸಿ, ಇದರ ಕೆಂಪು ಯಾವುದು ಅಂತ ಕೇಳಿ. ನನಗಂತೂ ನೇರವಾಗಿ ಹೇಳಿದರು. ಪ್ಯಾಕೆಟ್ ಬಣ್ಣದ್ದು ಕೀಳೇನಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು. ನೆಲಕ್ಕೆ ಹಾಸಿ ನೋಡಿ. ಅಂಚು ಎದ್ದು ಸೊಟ್ಟಗಿದ್ದರೆ ಬಿಡಿ. ಮಗುಚಿದರೆ ಎರಡೂ ಕಡೆ ಚಿತ್ತಾರ ಒಂದೇ ಥರ ಇರಬೇಕು. ಅಂಗಡಿಗಿಂತ ಮಗ್ಗ ಇರುವ ಮನೆಯಲ್ಲೇ ಕೊಳ್ಳಿ. ವಾರಗಟ್ಟಲೆ ನೇಯ್ದವರ ಎದುರು ಜಾಸ್ತಿ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಉತ್ತರ 3
ಊಟದ ಬಗ್ಗೆ ಹುಷಾರು. ತ್ಲಾಯುದಾ ಅಂದರೆ ದೊಡ್ಡ ರೊಟ್ಟಿ, ನೋಡಲು ನಮ್ಮದೇ ಅನಿಸುತ್ತೆ. ಆದರೆ ಮೇಲೆ ಹಂದಿ ಕೊಬ್ಬು ಸವರುತ್ತಾರೆ. 'ಸಿನ್ ಅಸಿಯೆಂತೋ, ಸಿನ್ ಕಾರ್ನೆ' ಅನ್ನಿ, ಅಂದರೆ ಆ ಕೊಬ್ಬು ಬೇಡ, ಮಾಂಸ ಬೇಡ. ಬೀನ್ಸ್‌ಗೂ ಕೊಬ್ಬು ಹಾಕಿರಬಹುದು. ಕುಂಬಳದ ಹೂವು, ಚೀಸ್ ಹಾಕಿ ಮಡಚಿದ ರೊಟ್ಟಿ, ಕೆಸದಿಯಾ, ಸಿಕ್ಕರೆ ಬಿಡಬೇಡಿ.

ಕೇಳಿದವರು
ಅಮ್ಮನಿಗೆ ಓದಿ ಹೇಳಿದೆ. "ಹುಳದ ಬಣ್ಣದ್ದು ದೇವರ ಮನೆಗೆ ಬೇಡ" ಅಂದರು. "ಮತ್ತೆ ನಿನ್ನ ರೇಷ್ಮೆ ಸೀರೆ?" ಅಂತ ಅಪ್ಪ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ನೀಲಿಯಾದರೂ ಗಿಡದ್ದು ತಾನೇ?

ಉತ್ತರ 2
ಹೌದು, ನಮ್ಮ ನೀಲಿ ಗಿಡದ ಬಳಗದ್ದೇ. ಹಳದಿ ಬೇಕಿದ್ದರೆ ಚೆಂಡುಹೂವಿನದೂ ಸಿಗುತ್ತೆ.