ಮನೆಯಲ್ಲೇ ಹಣ್ಣು-ಕ್ರೀಮಿನ ಮೋಚಿ: ಮಾಡಿದವರು ಅನುಭವ ಹೇಳಿ

ಬದಿಯಡ್ಕದಿಂದ ಪ್ರಶ್ನೆ:

ಮಗಳ ಹುಟ್ಟುಹಬ್ಬಕ್ಕೆ ಈ ಸಲ ಕೇಕ್ ಬೇಡವಂತೆ, ಮೋಚಿ ಬೇಕಂತೆ. ಜಪಾನಿನ ಸಿಹಿ. ಹೊರಗೆ ಅಕ್ಕಿ ಹಿಟ್ಟಿನ ಮೆತ್ತನೆ ಪದರ, ಒಳಗೆ ಹಣ್ಣು ಮತ್ತು ಕ್ರೀಮ್. ಬೆಳ್ತಿಗೆ ಅಕ್ಕಿ ಹಿಟ್ಟಿನಲ್ಲಿ ಮಾಡಿ ನೋಡಿದೆ, ಎಳೆದರೆ ಹರಿಯುತ್ತದೆ. ಕ್ರೀಮ್ ಈ ಸೆಕೆಗೆ ನಿಲ್ಲುವುದಿಲ್ಲ. ನಮ್ಮಲ್ಲಿ ಮೈಕ್ರೋವೇವ್ ಇಲ್ಲ. ಅಟ್ಟಿನಳಗೆ (ಆವಿಯಲ್ಲಿ ಬೇಯಿಸುವ ಪಾತ್ರೆ), ಗ್ರೈಂಡರ್, ಫ್ರಿಜ್ ಇವೆ. ಇಷ್ಟರಲ್ಲಿ ಆಗ್ತದಾ? ಯಾವ ಹಿಟ್ಟು, ಯಾವ ಹಣ್ಣು, ಎಷ್ಟು ಹೊತ್ತು ಇಡಬಹುದು, ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಂಬಳೆಯಿಂದ:

ಖಂಡಿತ ಆಗ್ತದೆ ಅಕ್ಕ. ಆದರೆ ಹಿಟ್ಟು ಮಾತ್ರ ಬದಲಿಸಲೇಬೇಕು. ಅದೊಂದು ಸರಿಯಾದರೆ ಉಳಿದ ಕೆಲಸವೆಲ್ಲ ನಮ್ಮ ಅಡುಗೆಮನೆಗೆ ಗೊತ್ತಿರುವಂಥದ್ದೇ.

ಬೆಳ್ತಿಗೆ ಅಕ್ಕಿಯನ್ನು ಎಷ್ಟೇ ನುಣ್ಣಗೆ ಮಾಡಿದರೂ ಅದು ಹಿಗ್ಗುವುದಿಲ್ಲ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಅಂತ ಎರಡು ಬಗೆ ಇದೆ. ನಾವು ಊಟ ಮಾಡುವ ಅಕ್ಕಿಯಲ್ಲಿ ಅಮೈಲೋಸ್ ಸಾಕಷ್ಟು ಇರುತ್ತದೆ. ಅದಕ್ಕೇ ಅನ್ನ ಉದುರಾಗುತ್ತದೆ, ತಣಿದ ಮೇಲೆ ಗಟ್ಟಿಯಾಗುತ್ತದೆ. ಮೋಚಿಗೆ ಬೇಕಾದ ಅಂಟಕ್ಕಿಯಲ್ಲಿ ಅಮೈಲೋಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಯಿಸಿದರೆ ಅಂಟಂಟಾಗಿ, ಎಳೆದಷ್ಟೂ ಬರುತ್ತದೆ. ಪ್ಯಾಕೆಟ್ ಮೇಲೆ ಗ್ಲೂಟಿನಸ್ ರೈಸ್ ಫ್ಲೋರ್ ಅಂತ ಇರುತ್ತದೆ. ಇದರಲ್ಲಿ ಗೋಧಿಯ ಗ್ಲುಟೆನ್ ಏನೂ ಇಲ್ಲ, ಗೋಧಿ ಆಗದವರೂ ತಿನ್ನಬಹುದು.

ಥಾಯ್ಲೆಂಡಿನ ಎರಾವಾನ್ ಹಿಟ್ಟು ಸಿಕ್ಕಿದರೆ ಹಸಿರು ಅಕ್ಷರದ ಪ್ಯಾಕೆಟ್ಟೇ ತೆಗೆದುಕೊಳ್ಳಿ. ಕೆಂಪು ಅಕ್ಷರದ್ದು ಸಾದಾ ಅಕ್ಕಿ ಹಿಟ್ಟು, ನೋಡಲಿಕ್ಕೆ ಎರಡೂ ಒಂದೇ ಥರ. ಜಪಾನಿನದ್ದಾದರೆ ಮೋಚಿಕೊ ಅಥವಾ ಶಿರಾತಾಮಾಕೊ. ಜೋಶಿಂಕೊ ಬೇಡ, ಅದು ಮತ್ತೆ ಊಟದ ಅಕ್ಕಿಯ ಹಿಟ್ಟು. ನಾನು ಆನ್‌ಲೈನಿನಲ್ಲಿ ತರಿಸುತ್ತೇನೆ.

ಅಳತೆ ಹೇಳ್ತೇನೆ. ಅಂಟಕ್ಕಿ ಹಿಟ್ಟು 100 ಗ್ರಾಂ, ಕಾರ್ನ್‌ಫ್ಲೋರ್ 25 ಗ್ರಾಂ, ಸಕ್ಕರೆ 50 ಗ್ರಾಂ, ಹಾಲು 180 ಮಿಲಿ, ಉಪ್ಪಿಲ್ಲದ ಬೆಣ್ಣೆ 15 ಗ್ರಾಂ. ಎಂಟು ಮೋಚಿ ಆಗುತ್ತದೆ. ಬರೀ ಹಿಟ್ಟು, ನೀರು, ಸಕ್ಕರೆಯಲ್ಲೂ ಮಾಡುತ್ತಾರೆ. ಆದರೆ ಕ್ರೀಮ್ ತುಂಬಿದ್ದನ್ನು ಫ್ರಿಜ್ಜಿನಲ್ಲಿ ಇಡಲೇಬೇಕಲ್ವಾ, ಆ ತಂಪಿಗೆ ಬರೀ ನೀರಿನ ಮೋಚಿ ಬೇಗ ಬಿರುಸಾಗುತ್ತದೆ. ಹಾಲು, ಬೆಣ್ಣೆ ಹಾಕಿದ್ದು ಮೆತ್ತಗೇ ಉಳಿಯುತ್ತದೆ. ಸಿಹಿ ಜಾಸ್ತಿ ಅಂತ ಸಕ್ಕರೆ ಕಡಿಮೆ ಮಾಡಬೇಡಿ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದಲೇ ಪದರ ಒಣಗುವುದಿಲ್ಲ. ಸಿಹಿ ಕಡಿಮೆ ಬೇಕಿದ್ದರೆ ಕ್ರೀಮಿನಲ್ಲಿ ಕಡಿಮೆ ಮಾಡಿ.

ಬೆಣ್ಣೆ ಬಿಟ್ಟು ಎಲ್ಲವನ್ನೂ ಗಂಟಿಲ್ಲದ ಹಾಗೆ ಕಲಸಿ ಸೋಸಿ, ಅಗಲದ ಬಟ್ಟಲಿಗೆ ಹೊಯ್ದು ಅಟ್ಟಿನಳಗೆಯಲ್ಲಿಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಆವಿಯ ನೀರು ಹಿಟ್ಟಿನ ಮೇಲೆ ಬಿದ್ದು ಅಲ್ಲಲ್ಲಿ ಲೋಳೆಯಾಗುತ್ತದೆ. 20 ನಿಮಿಷ ಸಾಕು. ನಡುವಿಗೆ ಚಮಚ ಹಾಕಿ ನೋಡಿ. ಹಾಲಿನ ಹಾಗೆ ಬೆಳ್ಳಗಿನ ಹಸಿ ಹಿಟ್ಟು ಕಂಡರೆ ಇನ್ನೂ ಐದು ನಿಮಿಷ.

ಬಿಸಿ ಇರುವಾಗಲೇ ಬೆಣ್ಣೆ ಹಾಕಿ. ಹಾಕಿದ ಕೂಡಲೇ ಹಿಟ್ಟು ತುಂಡುತುಂಡಾಗಿ, ಎಣ್ಣೆಎಣ್ಣೆಯಾಗಿ ಕೈಯಿಂದ ಜಾರುತ್ತದೆ. ಹಾಳಾಯಿತು ಅಂತ ಅನಿಸುತ್ತದೆ, ಹಾಳಾಗಿರುವುದಿಲ್ಲ. ಮಡಚುತ್ತಾ ಎಳೆಯುತ್ತಾ ಹೋಗಿ. ಐದಾರು ನಿಮಿಷದಲ್ಲಿ ಬೆಣ್ಣೆ ಒಳಗೆ ಹೋಗಿ ಮೈ ನುಣುಪಾಗುತ್ತದೆ, ಎತ್ತಿ ಹಿಡಿದರೆ ಹರಿಯದೆ ಉದ್ದಕ್ಕೆ ಇಳಿಯುತ್ತದೆ. ಅಷ್ಟು ಬಂದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಗಾಳಿಗೆ ಬಿಟ್ಟರೆ ಮೇಲೆ ಸಿಪ್ಪೆ ಕಟ್ಟುತ್ತದೆ.

ಅಂಟದ ಹಾಗೆ ಉದುರಿಸಲಿಕ್ಕೆ ಜಪಾನಿನವರು ಆಲೂಗಡ್ಡೆ ಪಿಷ್ಟ ಬಳಸುತ್ತಾರೆ. ನಮಗೆ ಕಾರ್ನ್‌ಫ್ಲೋರ್ ಆದೀತು, ಆದರೆ ಹಸಿಯಾಗಿ ಬೇಡ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಹುರಿದು ತಣಿಸಿ. ಬಣ್ಣ ಬದಲಾಗಬೇಕಾಗಿಲ್ಲ, ಹಸಿ ವಾಸನೆ ಹೋದರೆ ಆಯಿತು.

ಪೆರ್ಲದಿಂದ:

ಕುಂಬಳೆಯವರು ಹೇಳಿದ್ದು ಸರಿ. ನಾನು ಬೇರೆ ದಾರಿ ಹೇಳುತ್ತೇನೆ. ನಮ್ಮ ತೋಟದ ಕೆಲಸಕ್ಕೆ ಬರುವ ಅಸ್ಸಾಮಿನ ಹುಡುಗರು ಊರಿಗೆ ಹೋಗಿ ಬರುವಾಗ ಬೋರಾ ಅಕ್ಕಿ ತಂದುಕೊಡುತ್ತಾರೆ. ಅದು ಅವರ ಕಡೆಯ ಅಂಟಕ್ಕಿ. ಬಿಹುವಿಗೆ ಎಳ್ಳು ಬೆಲ್ಲ ತುಂಬಿ ಪಿಠಾ ಮಾಡುವುದು ಅದರಲ್ಲೇ. ರಾತ್ರಿ ನೆನೆಸಿ ಬೆಳಿಗ್ಗೆ ಗ್ರೈಂಡರಿನಲ್ಲಿ ತುಂಬ ನುಣ್ಣಗೆ ರುಬ್ಬಿ, ಪಂಚೆಯ ಬಟ್ಟೆಯಲ್ಲಿ ಕಟ್ಟಿ ನೇತುಹಾಕುತ್ತೇವೆ. ನೀರೆಲ್ಲ ಇಳಿದ ಮೇಲೆ ಸಿಗುವ ಹಿಟ್ಟು ಅಂಗಡಿಯದ್ದಕ್ಕಿಂತ ನಯ. ಶಿರಾತಾಮಾಕೊ ಅನ್ನುವುದನ್ನೂ ಹೀಗೇ ನೀರಿನಲ್ಲಿ ರುಬ್ಬಿ ಹಿಂಡಿ ಒಣಗಿಸಿ ಮಾಡುತ್ತಾರೆ. ಹಸಿ ಹಿಟ್ಟಿನಲ್ಲಿ ನೀರು ಇದ್ದೇ ಇರುತ್ತದೆ, ಹಾಗಾಗಿ ಹಾಲು ಸ್ವಲ್ಪ ಸ್ವಲ್ಪವೇ ಹಾಕಿ. ನೀರುದೋಸೆ ಹಿಟ್ಟಿಗಿಂತ ಒಂಚೂರು ದಪ್ಪ ಸಾಕು.

ನಮ್ಮ ಮನೆಯಲ್ಲಿ ಆವಿಯಲ್ಲಿಡುವುದಿಲ್ಲ, ಒಲೆಯ ಮೇಲೆ ದಪ್ಪ ತಳದ ಬಾಣಲೆಯಲ್ಲಿ ಮಗುಚುತ್ತೇವೆ. ಹಾಲುಬಾಯಿ ಕಾಸಿ ಅಭ್ಯಾಸ ಇದ್ದವರಿಗೆ ಏನೂ ಕಷ್ಟವಿಲ್ಲ, ತಳ ಬಿಟ್ಟು ಉಂಡೆಯಾಗಿ ಸುತ್ತುವ ಅದೇ ಹದ. ಅದಾದ ಮೇಲೂ ನಾಲ್ಕು ನಿಮಿಷ ಕೈ ನಿಲ್ಲಿಸಬೇಡಿ. ಬೆಳ್ಳಗಿದ್ದದ್ದು ಸ್ವಲ್ಪ ಪಾರದರ್ಶಕವಾದಾಗ ಇಳಿಸಿ.

ಹೊಸೂರಿನಿಂದ:

ಕ್ರೀಮ್ ಬಗ್ಗೆ ಯಾರೂ ಹೇಳಿಲ್ಲ. ಕೇಳಿದ ಅಕ್ಕನ ಅರ್ಧ ತೊಂದರೆ ಅಲ್ಲೇ ಇದೆ. ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25% ಆಸುಪಾಸು. ಎಷ್ಟು ಕಡೆದರೂ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಕೊಬ್ಬು 30ರ ಮೇಲೆ, 35 ಇದ್ದರೆ ಒಳ್ಳೆಯದು. ಕೇಕ್ ಸಾಮಾನಿನ ಅಂಗಡಿಯಲ್ಲಿ ಫ್ರೀಜರಿನಲ್ಲಿಟ್ಟು ಮಾರುವ ವಿಪ್ಪಿಂಗ್ ಕ್ರೀಮ್ ಇದೆಯಲ್ಲ, ಅದರಲ್ಲಿ ಹೆಚ್ಚಿನವು ಹಾಲಿನದ್ದಲ್ಲ, ತಾಳೆ ಎಣ್ಣೆಯ ಕೊಬ್ಬಿನದ್ದು. ರುಚಿ ಹಾಲಿನ ಕ್ರೀಮಿಗೆ ಸಾಟಿಯಲ್ಲ, ಇದು ನನ್ನ ಅಭಿಪ್ರಾಯ. ಆದರೆ ಕರಾವಳಿಯ ಸೆಕೆಯಲ್ಲಿ ಮಕ್ಕಳ ಕೈಗೆ ಕೊಡುವಾಗ ಅದೇ ನಿಲ್ಲುವುದು. ಎರಡನ್ನೂ ಸಮ ಬೆರೆಸಿದರೆ ರುಚಿಯೂ ಇರುತ್ತದೆ.

ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ. ಪೂರ್ತಿ ಕರಗಬಾರದು, ಅಲ್ಲಲ್ಲಿ ಮಂಜಿನ ಹರಳು ಇರುವಾಗಲೇ ಕಡೆಯಬೇಕು. ಪಾತ್ರೆ, ಬೀಟರಿನ ಕಡ್ಡಿ ಎರಡನ್ನೂ ತಣ್ಣಗೆ ಮಾಡಿಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕೆಲಸ ಮುಗಿಸಿ.

ಇನ್ನು ಎಲ್ಲಕ್ಕಿಂತ ಉಪಕಾರ ಆಗುವ ಮಾತು. ಇಡ್ಲಿ ತಟ್ಟೆಯ ಗುಳಿಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ಚಮಚ ಕ್ರೀಮ್, ನಡುವೆ ಹಣ್ಣಿನ ತುಂಡು, ಮೇಲೆ ಮತ್ತೆ ಕ್ರೀಮ್. ಒಂದೂವರೆ ಗಂಟೆ ಫ್ರೀಜರಿನಲ್ಲಿಡಿ. ಹೊರಗೆ ಗಟ್ಟಿಯಾದರೆ ಸಾಕು, ಹಣ್ಣು ಕಲ್ಲಾಗುವ ತನಕ ಬಿಟ್ಟರೆ ಆಮೇಲೆ ನೀರು ಬಿಡುತ್ತದೆ. ಹೀಗೆ ಗಟ್ಟಿ ಉಂಡೆಯಾದರೆ ಪದರ ಸುತ್ತುವಾಗ ಕ್ರೀಮ್ ಕೈಗೆಲ್ಲ ಮೆತ್ತುವುದಿಲ್ಲ.

ಹಣ್ಣಿಗೆ ನಮ್ಮ ಕೃಷ್ಣಗಿರಿ ಕಡೆಯ ಮಾವು ಬೇಕಾದಷ್ಟು. ತೋತಾಪುರಿ ಬೇಡ, ಬಾದಾಮಿ ಮಾವು ಹಾಕಿ. ಹಣ್ಣಾಗಿರಬೇಕು, ಗಟ್ಟಿಯೂ ಇರಬೇಕು. ಹೆಚ್ಚಿದ ಮೇಲೆ ಬಟ್ಟೆಯಲ್ಲಿ ಒತ್ತಿ ರಸ ತೆಗೆಯಿರಿ. ಅನಾನಸ್ ಹಸಿಯಾಗಿ ಹಾಕಲೇಬೇಡಿ. ಅದರಲ್ಲಿರುವ ಬ್ರೋಮೆಲಿನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಕ್ರೀಮನ್ನು ಕಹಿ ಮಾಡುತ್ತದೆ. ಸಕ್ಕರೆ ಹಾಕಿ ಚೆನ್ನಾಗಿ ಬೇಯಿಸಿ ತಣಿಸಿದರೆ ತೊಂದರೆ ಇಲ್ಲ.

ಅಕ್ಕಲಕೋಟೆಯಿಂದ:

ಅಕ್ಕಾ, ಕ್ರೀಮ್ ಬಿಟ್ಟುಬಿಡ್ರಿ, ಚಕ್ಕಾ ಹಾಕಿ ನೋಡ್ರಿ! ನಮ್ಮ ಸೊಲ್ಲಾಪುರ ಕಡೆ ಯುಗಾದಿಗೆ ಶ್ರೀಖಂಡ ಮಾಡುತ್ತೇವಲ್ಲ, ಅದೇ ಚಕ್ಕಾ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ನೀರು ಇಳಿಸಬೇಕು. ಬೆರಳಿಗೆ ಒದ್ದೆ ಹತ್ತದಷ್ಟು ಗಟ್ಟಿಯಾಗಬೇಕು. ಅದಕ್ಕೆ ಸಕ್ಕರೆ ಪುಡಿ, ಏಲಕ್ಕಿ, ಮಾವಿನ ತಿರುಳು ಸೇರಿಸಿ ಉಂಡೆ ಮಾಡಿ ಗಟ್ಟಿಯಾಗಿಸಿ ತುಂಬುತ್ತೇನೆ. ಹುಳಿ-ಸಿಹಿ ಎರಡೂ ಇರುವುದರಿಂದ ಮೋಚಿಯ ಸಪ್ಪೆ ಪದರಕ್ಕೆ ಬಹಳ ಚಲೋ ಹೊಂದುತ್ತದೆ.

ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ ನಮಗೆ ಸಿಗುತ್ತದೆ. ಆಗ ಇಡೀ ಹಣ್ಣನ್ನೇ ಇಡುತ್ತೇನೆ. ಜಪಾನಿನಲ್ಲಿ ತುಂಬಿದ ಮೋಚಿಗೆ ದೈಫುಕು ಅನ್ನುತ್ತಾರೆ. ಹಳೆಯ ಕಾಲದಿಂದ ಅದರೊಳಗೆ ಕೆಂಪು ಅಝುಕಿ ಕಾಳಿನ ಹೂರಣ. ಸ್ಟ್ರಾಬೆರಿ ಸೇರಿದ್ದು 1980ರ ದಶಕದಲ್ಲಿ. ಲೊಟ್ಟೆ ಕಂಪನಿಯವರು ಐಸ್‌ಕ್ರೀಮ್ ತುಂಬಿದ ಯುಕಿಮಿ ದೈಫುಕು ತಂದದ್ದು 1981ರಲ್ಲಿ. ಅಂದರೆ ಅವರೇ ಹೊಸದು ಹೊಸದು ತುಂಬುತ್ತಾ ಬಂದಿದ್ದಾರೆ. ನಾವು ಶ್ರೀಖಂಡ ತುಂಬಿದರೆ ಏನೂ ತಪ್ಪಿಲ್ಲ.

ಮಂಜೇಶ್ವರದಿಂದ:

ಹಲಸಿನ ಕಾಲವಾದರೆ ಬಕ್ಕೆ ಹಲಸು ಹಾಕಿ. ತುಳುವ ಬೇಡ, ಅದು ಲೋಳೆಲೋಳೆಯಾಗಿ ಕ್ರೀಮಿನ ಜೊತೆ ಬೆರೆತುಹೋಗುತ್ತದೆ. ಬಕ್ಕೆಯ ತೊಳೆ ಹಲ್ಲಿಗೆ ಕರುಂ ಅನ್ನುತ್ತದೆ, ಮೆತ್ತನೆ ಪದರದೊಳಗೆ ಅದು ಸಿಕ್ಕುವಾಗಿನ ಖುಷಿಯೇ ಬೇರೆ. ಪರಿಮಳ ಜೋರು, ಹಾಗಾಗಿ ಸಣ್ಣ ತುಂಡು ಸಾಕು. ಬಾಳೆಹಣ್ಣು ಕಪ್ಪಾಗುತ್ತದೆ, ಕೂಡಲೇ ತಿನ್ನುವುದಾದರೆ ಮಾತ್ರ.

ಸುತ್ತುವಾಗ ಒಂದು ವಿಷಯ ನೋಡಿಕೊಳ್ಳಿ. ಅಂಗೈ ಅಗಲ ಲಟ್ಟಿಸಿದ ಪದರವನ್ನು ಸಣ್ಣ ಬಟ್ಟಲಿನೊಳಗೆ ಇಳಿಬಿಟ್ಟು, ಉಂಡೆ ಇಟ್ಟು, ಅಂಚುಗಳನ್ನು ಮೇಲೆ ತಂದು ಚಿವುಟಬೇಕು. ಆ ಅಂಚಿನಲ್ಲಿ ಪುಡಿ ಇದ್ದರೆ ಬಾಯಿ ಕೂಡುವುದೇ ಇಲ್ಲ, ಸ್ವಲ್ಪ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಒಣ ಬ್ರಷ್ಷಿನಲ್ಲಿ ಅಂಚಿನ ಪುಡಿ ಒರೆಸಿ, ಆಮೇಲೆ ಚಿವುಟಿ. ಜಾಸ್ತಿ ಉಳಿದದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ಚಿವುಟಿದ ಬದಿ ಕೆಳಗೆ ಬರುವ ಹಾಗೆ ಇಡಿ.

ಹುಟ್ಟುಹಬ್ಬ ಅಂದಿರಿ, ಮನೆಯಲ್ಲಿ ಚಿಕ್ಕ ಮಕ್ಕಳು, ಅಜ್ಜ-ಅಜ್ಜಿ ಇರುತ್ತಾರೆ. ದಯವಿಟ್ಟು ಅವರಿಗೆ ಇಡೀ ಮೋಚಿ ಕೊಡಬೇಡಿ. ಜಪಾನಿನಲ್ಲಿ ಹೊಸವರ್ಷದ ಹೊತ್ತಿಗೆ ಮೋಚಿ ಗಂಟಲಲ್ಲಿ ಸಿಕ್ಕಿ ವಯಸ್ಸಾದವರು ಸಾಯುವುದು ವರ್ಷವೂ ನಡೆಯುತ್ತದೆ, ಅಲ್ಲಿನ ಸರಕಾರವೇ ಎಚ್ಚರಿಕೆ ಕೊಡುತ್ತದೆ. ನಮ್ಮದು ತೆಳು ಪದರದ್ದು ನಿಜ, ಆದರೂ ಅಂಟು ಅಂಟೇ. ಸಣ್ಣ ಸಣ್ಣ ತುಂಡು ಮಾಡಿ, ಕೂತುಕೊಂಡು, ಅಗಿದು ತಿನ್ನಲು ಹೇಳಿ. ತೀರಾ ಎಳೆಯ ಮಕ್ಕಳಿಗೆ ಒಳಗಿನ ಕ್ರೀಮ್, ಮೆತ್ತಗಿನ ಹಣ್ಣು ಸಾಕು.

ಬದಿಯಡ್ಕದಿಂದ:

ಎಲ್ಲರಿಗೂ ತುಂಬ ಉಪಕಾರ. ಹಸಿರು ಅಕ್ಷರದ ಪ್ಯಾಕೆಟ್ ತರಿಸಲು ಹೇಳಿದೆ. ಒಳಗೆ ಮಾವು. ಒಂದೇ ಸಂದೇಹ, ಕಾರ್ಯಕ್ರಮ ಸಂಜೆ. ಹಿಂದಿನ ದಿನವೇ ಮಾಡಿ ಇಡಬಹುದಾ?

ಕುಂಬಳೆಯಿಂದ:

ಪೂರ್ತಿ ಮಾಡಿ ಇಡಬೇಡಿ ಅಕ್ಕ. ಹಿಂದಿನ ದಿನ ಕಾರ್ನ್‌ಫ್ಲೋರ್ ಹುರಿದು ಡಬ್ಬಿಗೆ ಹಾಕಿಡಿ, ಕ್ರೀಮ್ ಫ್ರಿಜ್ಜಿಗೆ ಇಳಿಸಿ. ಆ ದಿನ ಬೆಳಿಗ್ಗೆ ಕ್ರೀಮ್ ಕಡೆದು ಉಂಡೆ ಕಟ್ಟಿ ಫ್ರೀಜರಿಗೆ ಹಾಕಿ, ಅದು ಗಟ್ಟಿಯಾಗುವಷ್ಟರಲ್ಲಿ ಹಿಟ್ಟು ಬೇಯಿಸಿ ತಣಿಸಿ. ಹನ್ನೊಂದು ಗಂಟೆಯೊಳಗೆ ಸುತ್ತಿ ಮುಗಿಯುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಫ್ರಿಜ್ಜಿನಲ್ಲಿಟ್ಟರೆ ಸಂಜೆಗೆ ಒಳಗಿನ ಕ್ರೀಮ್ ಹದವಾಗಿ ಸಡಿಲಾಗಿರುತ್ತದೆ. ಕೊಡುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ, ಅದಕ್ಕಿಂತ ಜಾಸ್ತಿ ಹೊತ್ತು ಬೇಡ. ಉಳಿದರೆ ಮರುದಿನ ತಿಂದು ಮುಗಿಸಿ. ಕರೆಂಟು ಹೋಗುವ ಭಯವಿದ್ದರೆ ಡಬ್ಬಿಯ ಕೆಳಗೆ ಐಸ್ ತುಂಬಿದ ತಟ್ಟೆ ಇಡಿ. ಎಷ್ಟು ಜನ ಅಂತ ಹೇಳಿ, ಅಳತೆ ಲೆಕ್ಕ ಹಾಕಿ ಕೊಡ್ತೇನೆ.