ಮೆಗ್ನೀಸಿಯಂ ಶೀಟು ಬಗ್ಗಿಸಿದರೆ ಸೀಳ್ತದೆ, ಏನು ಮಾಡೋದು?

ಶಿರಸಿಯಿಂದ: ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನಿಗೆ ಹಗುರವಾದ ಟ್ರೇ ಬೇಕು ಅಂತ ಎಝಡ್31 (ಸ್ವಲ್ಪ ಅಲ್ಯೂಮಿನಿಯಂ, ಸತು ಸೇರಿದ ಮೆಗ್ನೀಸಿಯಂ) ಶೀಟು ತರಿಸಿದ್ದೇವೆ. ಅಲ್ಯೂಮಿನಿಯಂ ಆರಾಮಾಗಿ ಇಳಿಯುವ ಅದೇ ಡೈಯಲ್ಲಿ (ಒತ್ತುವ ಅಚ್ಚಲ್ಲಿ) ಇದು ಟಪ್ ಅಂತ ಸೀಳುತ್ತದೆ. ಶೀಟು ಸರಿಯಿಲ್ವಾ, ನಮ್ಮ ಕೆಲಸ ಸರಿಯಿಲ್ವಾ? ಮಾಡಿ ನೋಡಿದವರು ಹೇಳಿ ಮಾರಾಯ್ರೆ.

ಕಾರವಾರದಿಂದ: ಎರಡೂ ಸರಿಯಿದೆ. ತೊಂದರೆ ಇರೋದು ಲೋಹದೊಳಗಿನ ಸಣ್ಣ ಹರಳುಗಳು ಮಲಗಿದ ರೀತಿಯಲ್ಲಿ. ಮೆಗ್ನೀಸಿಯಂ ಹರಳು ಆರು ಮೂಲೆಯ ಕಂಬದಂಥದ್ದು. ತಣ್ಣಗಿರುವಾಗ ಅದರ ಪರಮಾಣು ಪದರಗಳು ಸಲೀಸಾಗಿ ಜಾರುವುದು ಕಂಬದ ತಳದ ಗುಂಟ ಮಾತ್ರ. ರೋಲ್ ಮಾಡಿದ ಶೀಟಿನಲ್ಲಿ ಹೆಚ್ಚಿನ ಹರಳುಗಳ ತಳ ಶೀಟಿನ ಮೈಗೆ ಸಮನಾಗಿ ಮಲಗಿರುತ್ತದೆ, ಬೇಸಲ್ ಟೆಕ್ಸ್ಚರ್ ಅನ್ನೋದು ಇದನ್ನೇ. ಹಪ್ಪಳ ಪೇರಿಸಿಟ್ಟ ಹಾಗೆ ಅಂದ್ಕೊಳ್ಳಿ. ಓರೆಯಾಗಿ ತಳ್ಳಿದರೆ ಜಾರುತ್ತದೆ, ನೆಟ್ಟಗೆ ಮೇಲಿಂದ ಒತ್ತಿದರೆ ಅಲ್ಲಾಡಲ್ಲ. ಟ್ರೇ ಮೂಲೆಯಲ್ಲಿ ಶೀಟು ಹಿಗ್ಗಬೇಕು ಅಂದ್ರೆ ದಪ್ಪ ಕಮ್ಮಿ ಆಗಲೇಬೇಕು, ಆದರೆ ಆ ದಿಕ್ಕಿಗೆ ಜಾರುವ ದಾರಿಯೇ ಇಲ್ಲ. ಟ್ವಿನ್ ಆಗಿ, ಅಂದ್ರೆ ಹರಳಿನ ಒಂದು ಭಾಗ ಕನ್ನಡಿ ಬಿಂಬದ ಹಾಗೆ ಹೊರಳಿಕೊಂಡು, ಸುಧಾರಿಸ್ತದೆ ಅಂತಲೂ ಇಲ್ಲ, ಸುಲಭಕ್ಕೆ ಆಗುವ ಟ್ವಿನ್ ಕಂಬವನ್ನು ಉದ್ದ ಮಾಡುತ್ತದೆ, ಗಿಡ್ಡ ಮಾಡಲ್ಲ. ಬಗ್ಗಿಸಿದ ತುಂಡನ್ನು ಲೆನ್ಸ್ ಹಿಡಿದು ನೋಡಿ. ಒಳಮೈ ಒತ್ತಿಕೊಂಡು ಸುಮ್ನೆ ಇರುತ್ತದೆ, ಸಣ್ಣ ಸಣ್ಣ ಗೀರು ಏಳುವುದು ಹೊರಮೈಯಲ್ಲಿ.

ನಾವು ಮಾಡಿದ್ದು ಇಷ್ಟೇ: 200ರಿಂದ 250 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾಯಿಸಿದರೆ ಬೇರೆ ಪದರಗಳೂ ಜಾರಲು ಶುರು ಮಾಡುತ್ತವೆ. ಶೀಟಿಗೆ ಬರೀ ಟಾರ್ಚ್ ಹಿಡಿದರೆ ಉಪಯೋಗ ಇಲ್ಲ, ತಣ್ಣನೆ ಡೈ ಮುಟ್ಟಿದ ಕೂಡಲೇ ಬಿಸಿ ಹೋಯ್ತು, ಹಾಗಾಗಿ ಡೈಗೇ ಹೀಟರ್ ಹಾಕಿ. ಶೀಟು ಜಾರಲಿ ಅಂತ ಗ್ರಾಫೈಟ್ ಹಚ್ಚಿದ್ದರೆ ಆಮೇಲೆ ಪೂರ್ತಿ ತೊಳೆಯಿರಿ. ನಮ್ಮ ಕಡಲ ಗಾಳಿಗೆ ಅದು ಉಳಿದ ಜಾಗವೇ ಮೊದಲು ತಿನ್ನಿಸಿಕೊಳ್ಳುವುದು.

ಕುಮಟಾದಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಕಾಯಿಸೋದೊಂದೇ ದಾರಿ ಅಲ್ಲ. ಸ್ವಲ್ಪ ಸತು ಜೊತೆ ಚೂರು ಕ್ಯಾಲ್ಸಿಯಂ, ಇಲ್ಲಾ ಸೀರಿಯಂನಂಥ ವಿರಳ ಲೋಹ ಸೇರಿಸಿದ ಶೀಟಲ್ಲಿ ಹರಳುಗಳು ಚದುರಿ ಓರೆಯಾಗಿ ಕೂರುತ್ತವೆ. ಎರಿಕ್ಸನ್ ಪರೀಕ್ಷೆಯಲ್ಲಿ (ಶೀಟು ಒಡೆಯುವ ತನಕ ಗುಂಡು ತುದಿಯಿಂದ ಒತ್ತಿ ಆಳ ಅಳೆಯೋದು) ಸಾದಾ ಎಝಡ್31 ತಣ್ಣಗೆ 3-4 ಮಿ.ಮೀ. ಆಳಕ್ಕೇ ಒಡೆಯುತ್ತದೆ. ಇಂಥವು ಅದರ ದುಪ್ಪಟ್ಟಿನ ಹತ್ತಿರ ಹೋಗುತ್ತವೆ, ಬಲ ಮಾತ್ರ ಸ್ವಲ್ಪ ಕಮ್ಮಿ. ಮತ್ತೆ, ನಿಮ್ಮದು ಎಚ್24 ಶೀಟಾ, ಅಂದ್ರೆ ರೋಲ್ ಮಾಡಿ ಗಟ್ಟಿಯಾದ ಮೇಲೆ ಅರ್ಧಂಬರ್ಧ ಅನೀಲ್ ಮಾಡಿದ್ದು (ಕಾಯಿಸಿ ಮೆತ್ತಗೆ ಮಾಡಿದ್ದು)? ಹಾಗಿದ್ರೆ ಪೂರ್ತಿ ಅನೀಲ್ ಮಾಡಿದ ಓ ಟೆಂಪರ್ ಕೇಳಿ. ಟೆಕ್ಸ್ಚರ್ ಹೋಗಲ್ಲ, ಆದರೂ ಜಾಸ್ತಿ ಬಗ್ಗುತ್ತದೆ.

ಹೊನ್ನಾವರದಿಂದ: ಬಗ್ಗೋದು ಬಿಡಿ, ಆ ಟ್ರೇಗೆ ಬೋರ್ಡೋ ದ್ರಾವಣ ತಾಗುತ್ತದಾ? ಅದರಲ್ಲಿರೋದು ಮೈಲುತುತ್ತು. ತಾಮ್ರ ಕೂತ ಕಡೆ ಮೆಗ್ನೀಸಿಯಂ ಬೇಗ ಬೇಗ ಕರಗುತ್ತದೆ. ಅಂಚು ಉಜ್ಜಿದ ಪುಡಿಯನ್ನೂ ಗುಡ್ಡೆ ಹಾಕಬೇಡಿ. ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಣ ಮರಳು ಇಟ್ಕೊಳ್ಳಿ.

ಶಿರಸಿಯಿಂದ: ಕೊಳೆ ಔಷಧಿ ಅಂದ್ರೆ ಬೋರ್ಡೋನೇ ಅಲ್ವಾ! ಹಾಗಾದ್ರೆ ಟ್ರೇ ಪ್ಲಾಸ್ಟಿಕ್ಕಿಂದೇ ಇರಲಿ, ಈ ಶೀಟು ಮೇಲಿನ ಬ್ಯಾಟರಿ ಮುಚ್ಚಳಕ್ಕೆ, ಅದೂ ಪೇಂಟ್ ಹೊಡೆದು. ಹೀಟರ್ ಇರುವ ಡೈ ಕಾರವಾರದವರ ಹತ್ರ ಬಾಡಿಗೆಗೆ ಸಿಗ್ತದಾ?